ಎಷ್ಟು ಗಂಟೆಗೆ ತಿರುಗ್ತೀರಿ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಸರಿಯಾಗಿದ್ದರೂ ಮೆಟ್ಟಿಲು ಹತ್ತುವ ಆಂಟಿ ಒಬ್ಬರಿದ್ದಾರೆ. ಅರವತ್ತೆರಡು ವರ್ಷ, ಬ್ಯಾಂಕಿನಿಂದ ರಿಟೈರ್ ಆದವರು. ಬೆಳಗ್ಗೆ ಆರಕ್ಕೆ ಮುಂಚೆಯೇ ಟ್ರೆಕ್ಕಿಂಗ್ ಶೂ ಹಾಕಿ, ಬೆನ್ನಿನ ಬ್ಯಾಗಿಗೆ ಎರಡೆರಡು ಲೀಟರಿನ ಮೂರು ನೀರಿನ ಬಾಟಲಿ ತುಂಬಿಕೊಂಡು ಒಂಬತ್ತು ಮಹಡಿ ಹತ್ತಿ ಇಳಿಯುತ್ತಾರೆ. ಒಂದು ಸಲ ಅಲ್ಲ, ಆರು ಸಲ. ನಮ್ಮ ಮನೆ ಬಾಗಿಲು ಮೆಟ್ಟಿಲಿಗೆ ಅಂಟಿಕೊಂಡೇ ಇರೋದರಿಂದ ಆ ಧಪ್ ಧಪ್ ಸದ್ದೇ ನನಗೆ ಅಲಾರಂ. ಮೊದಮೊದಲು ಮನಸ್ಸಲ್ಲೇ ಬೈಕೊಳ್ತಿದ್ದೆ, ಆಮೇಲೆ ಅಭ್ಯಾಸ ಆಯ್ತು.

2024ರ ಜೂನ್ 5, ಬುಧವಾರ, ಆ ಸದ್ದು ಬರಲಿಲ್ಲ. ನಾನು ಬೆಳಗಿನ ಮೀಟಿಂಗಿಗೆ ಲೇಟಾದೆ.

ಆ ವಾರ ನಿಮಗೂ ನೆನಪಿರಬಹುದು. ಭಾನುವಾರ, ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳ ನೂರು ವರ್ಷಕ್ಕೂ ಹಳೆಯ ದಾಖಲೆ ಮುರಿದಿತ್ತು. ಮರಗಳು ಉರುಳಿ, ಕರೆಂಟು ಹೋಗಿ, ಊರೆಲ್ಲ ಕೆಸರು. ಮಂಗಳವಾರ ಲೋಕಸಭೆ ಚುನಾವಣೆಯ ಫಲಿತಾಂಶ. ಆಫೀಸಲ್ಲಿ ಒಂದು ಟ್ಯಾಬಿನಲ್ಲಿ ಕೋಡು, ಇನ್ನೊಂದರಲ್ಲಿ ಸೀಟುಗಳ ಲೆಕ್ಕ. ಆ ಗದ್ದಲದಲ್ಲೇ ರಾತ್ರಿ ಹೊತ್ತಿಗೆ ಉತ್ತರಾಖಂಡದಿಂದ ಒಂದು ಸುದ್ದಿ ಬಂತು. ಟಿವಿ ಪರದೆಯ ಕೆಳಗಿನ ಪಟ್ಟಿಯಲ್ಲಿ ಓಡಿಹೋಯ್ತು. ನಾನು ಓದಿದೆ, ಮರೆತೂಬಿಟ್ಟೆ. ಆಂಟಿ ಮರೆಯಲಿಲ್ಲ. ಆ ತಂಡದಲ್ಲಿ ಅವರ ಜೊತೆ ಹಿಂದೊಮ್ಮೆ ಬೆಟ್ಟ ಹತ್ತಿದವರಿದ್ದರು.

ಸಹಸ್ತ್ರ ತಾಲ್ ಅಂದರೆ ಸಾವಿರ ಕೆರೆ. ಉತ್ತರಕಾಶಿ ಮತ್ತು ಟೆಹ್ರಿ ಜಿಲ್ಲೆಗಳ ಗಡಿಯಲ್ಲಿ, 14,000 ಅಡಿಗೂ ಮೇಲಿರುವ ಸರೋವರಗಳ ಜಾಗ. ಕರ್ನಾಟಕ ಮೌಂಟನೇರಿಂಗ್ ಅಸೋಸಿಯೇಷನ್ ಮೂಲಕ ಹೋದ ತಂಡದಲ್ಲಿ ಒಟ್ಟು 22 ಜನ: ಕರ್ನಾಟಕದವರು 18, ಮಹಾರಾಷ್ಟ್ರದವರು ಒಬ್ಬರು, ಅಲ್ಲಿನ ಗೈಡ್‌ಗಳು ಮೂವರು. ಮೇ 29ಕ್ಕೆ ಉತ್ತರಕಾಶಿಯಿಂದ ಹೊರಟಿದ್ದರು, ಜೂನ್ 7ಕ್ಕೆ ವಾಪಸ್ ಬರಬೇಕಿತ್ತು. ಜೂನ್ 3ರಂದು ಮೇಲೆ ಹೋಗಿ ಕ್ಯಾಂಪಿಗೆ ಇಳಿಯುತ್ತಿದ್ದಾಗ, ಮಧ್ಯಾಹ್ನ ಎರಡರ ಮೇಲೆ ಹವಾಮಾನ ಕೆಟ್ಟಿತು. ಮೊದಲು ಹಿಮ, ಆಮೇಲೆ ಬಿರುಗಾಳಿ. ಮುಂದಿನ ದಾರಿ ಕಾಣಲಿಲ್ಲ. ಕ್ಯಾಂಪು ಕೆಲವೇ ಗಂಟೆಗಳ ದೂರದಲ್ಲಿತ್ತು. ಸಂಜೆ ಹೊತ್ತಿಗೆ ಇಬ್ಬರು ತೀರಿಕೊಂಡರು. ಉಳಿದವರು ರಾತ್ರಿಯೆಲ್ಲ ಬಯಲಲ್ಲೇ ಕಳೆದರು. ಬೆಳಗಾದ ಮೇಲೆ ಗೈಡ್ ಕೆಳಗಿಳಿದು, ಮೊಬೈಲ್ ಸಿಗ್ನಲ್ ಸಿಗುವ ಜಾಗ ಹುಡುಕಿ ಸುದ್ದಿ ಮುಟ್ಟಿಸಬೇಕಾಯಿತು.

ನಾವು ಸೀಟು ಎಣಿಸುತ್ತಿದ್ದಾಗ ಒಬ್ಬ ಮನುಷ್ಯ ಸಿಗ್ನಲ್ ಹುಡುಕಿಕೊಂಡು ಬೆಟ್ಟ ಇಳಿಯುತ್ತಿದ್ದ. ಇದು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಬುಧವಾರ ವಾಯುಪಡೆಯ ಹೆಲಿಕಾಪ್ಟರುಗಳು ಹಾರಿದವು. ರಾಜ್ಯ ವಿಪತ್ತು ಪರಿಹಾರ ಪಡೆ, ಅರಣ್ಯ ಇಲಾಖೆಯವರು ನಡೆದು ಹೋದರು. ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೇ ಹೋಗಿ ಕೂತರು. 13 ಜನ ಬದುಕಿ ಬಂದರು. ಒಂಬತ್ತು ಜನ ಬರಲಿಲ್ಲ. ಟ್ರೆಕ್ ಮುಗಿಯಬೇಕಿದ್ದ ಏಳನೇ ತಾರೀಕಿನ ಹೊತ್ತಿಗೆ ಅವರ ಮೃತದೇಹಗಳು ಬೆಂಗಳೂರಿಗೆ ಬರುತ್ತಿದ್ದವು.

ಹೋದವರಲ್ಲಿ ಅತಿ ಚಿಕ್ಕವರಿಗೆ 34, ಅತಿ ಹಿರಿಯರಿಗೆ 71. ಹೆಚ್ಚಿನವರು ನಲವತ್ತು ದಾಟಿದವರು. ಈ ಒಂದು ವಿವರ ಸಿಕ್ಕಿದ್ದೇ ತಡ, ನಮ್ಮ ಜನ ಶುರು ಮಾಡಿದರು. "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?" "ಮನೇಲಿ ಮೊಮ್ಮಕ್ಕಳನ್ನ ನೋಡ್ಕೊಂಡು ಇರೋದು ಬಿಟ್ಟು..." ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಲ್ಲೂ ಒಬ್ಬರು ಇದನ್ನೇ ಬರೆದು, ಕೆಳಗೆ ಕೈ ಮುಗಿಯುವ ಇಮೋಜಿ ಹಾಕಿದ್ದರು. ಆಂಟಿ ಅದೇ ಗ್ರೂಪಲ್ಲಿ ಇದ್ದಾರೆ ಅನ್ನೋದನ್ನು ಯಾರೂ ಯೋಚಿಸಿರಲಿಲ್ಲ. ಯೋಚಿಸಿಯೇ ಬರೆದರೋ ಏನೋ.

ಎರಡು ಭಾನುವಾರ ಕಳೆದ ಮೇಲೆ, ಜೊತೆಗೆ ನಡೆದ ಪರಿಚಯದವರೆಲ್ಲ ಬೆಳಗ್ಗೆ ಒಂದು ಪಾರ್ಕಿನಲ್ಲಿ ಸೇರೋದು ಅಂತ ಮಾಡಿಕೊಂಡರು. ಆಂಟಿಗೆ ಕಾರು ಓಡಿಸೋ ಮನಸ್ಸಿರಲಿಲ್ಲ, ನಾನು ಬಿಟ್ಟು ಬರಲು ಹೋದೆ, ಕೊನೆಗೆ ಅಲ್ಲೇ ಉಳಿದೆ. ನಲವತ್ತು ಜನ ಇದ್ದರೇನೋ. ವೇದಿಕೆ ಇಲ್ಲ, ಮೈಕ್ ಇಲ್ಲ. ಪ್ರತಿ ವಾರ ಅದೇ ಪಾರ್ಕಲ್ಲಿ ಸುತ್ತು ಹಾಕುವವರು ಅವತ್ತು ಯಾರೂ ನಡೆಯಲಿಲ್ಲ, ಹುಲ್ಲಿನ ಮೇಲೆ ಕೂತರು. ಯಾರೋ ಫೋಟೋಗಳ ಪ್ರಿಂಟ್ ತರೋಣ ಅಂದುಕೊಂಡಿದ್ದರಂತೆ, ಆಗಲಿಲ್ಲವಂತೆ. ಯಾಕೆ ಅಂದರೆ ಬೆಟ್ಟದ ಫೋಟೋಗಳಲ್ಲಿ ಎಲ್ಲರೂ ಟೋಪಿ, ಕಪ್ಪು ಕನ್ನಡಕ ಹಾಕಿ, ಮೂಗಿನವರೆಗೆ ಬಟ್ಟೆ ಎಳೆದುಕೊಂಡಿರುತ್ತಾರೆ. ಇಷ್ಟು ವರ್ಷ ಜೊತೆಗೆ ನಡೆದು, ಮುಖ ಪೂರ್ತಿ ಕಾಣುವ ಒಂದು ಫೋಟೋ ಯಾರ ಫೋನಲ್ಲೂ ಇರಲಿಲ್ಲ. ಒಬ್ಬರು ನಗೋಕೆ ಶುರು ಮಾಡಿದರು, ಆಮೇಲೆ ಪಕ್ಕದವರ ಹೆಗಲ ಮೇಲೆ ತಲೆ ಇಟ್ಟು ಅತ್ತರು. ಡಬ್ಬದಲ್ಲಿ ಚಿಕ್ಕಿ ತಂದಿದ್ದರು ಒಬ್ಬರು. ಬೆಟ್ಟದಲ್ಲಿ ಹಂಚುವ ಹಾಗೆಯೇ ಒಂದೊಂದು ತುಂಡು ಎಲ್ಲರ ಕೈಗೂ ಬಂತು. ನಾನೂ ತಿಂದೆ.

ವಾಪಸ್ ಬರುವಾಗ ಕಾರಲ್ಲಿ ನಾನು ಏನೋ ಒಂದು ಹೇಳಬೇಕಲ್ಲ ಅಂತ, "ವಯಸ್ಸಾದವರಿಗೆ ಕಷ್ಟ ಅಲ್ವಾ ಆಂಟಿ, ಆ ಚಳೀಲಿ" ಅಂದುಬಿಟ್ಟೆ.

"ನೀನೂ ಶುರು ಮಾಡ್ಬೇಡ" ಅಂದರು. ಸಿಗ್ನಲ್ ಹಸಿರಾಗುವ ತನಕ ಸುಮ್ಮನಿದ್ದು, "ಆ ಗಾಳೀಲಿ ನಿನ್ನ ನಿಲ್ಸಿದ್ರೂ ಅಷ್ಟೇ ಕಣೋ. ನಿಂಗೊಂದು ಎರಡು ಗಂಟೆ ಜಾಸ್ತಿ ಸಿಗ್ತಿತ್ತೇನೋ" ಅಂದರು.

ಆ ಮಾತು ನನ್ನನ್ನು ಓದಲು ಕೂರಿಸಿತು. ಆ ರಾತ್ರಿ ಕೆಲಸದ ಡಾಕ್ಯುಮೆಂಟ್ ಬಿಟ್ಟು ಹೈಪೋಥರ್ಮಿಯಾ ಬಗ್ಗೆ ಓದಿದೆ. ಹಿಮದಲ್ಲಿ ಸಾಯೋದು ಅಂದರೆ ಸಿನಿಮಾದಲ್ಲಿ ತೋರಿಸೋ ಹಾಗೆ ಬೆಟ್ಟವೇ ಕುಸಿದು ಬೀಳೋದು ಅಂತ ನಾನು ಅಂದುಕೊಂಡಿದ್ದೆ. ಅದೂ ಆಗುತ್ತೆ. 2022ರ ಅಕ್ಟೋಬರ್ 4ರಂದು ಅದೇ ಉತ್ತರಕಾಶಿಯ ದ್ರೌಪದಿ ಕಾ ಡಾಂಡಾದಲ್ಲಿ ಹಿಮಪ್ರವಾಹಕ್ಕೆ ಸಿಕ್ಕಿ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದ 27 ಜನ ಹೋದರು. ಆದರೆ ಚಳಿ ಕೊಲ್ಲುವ ರೀತಿಯೇ ಬೇರೆ. ಸದ್ದಿಲ್ಲ, ಗುದ್ದಿಲ್ಲ.

ನಮ್ಮ ಮೈಯೊಳಗಿನ ಬಿಸಿ 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಬರೀ ಎರಡು ಡಿಗ್ರಿ, ನೋಡಿ. ಮೊದಲು ಮೈ ಗಡಗಡ ನಡುಗುತ್ತೆ. ನಡುಕ ಅಂದರೆ ದೇಹ ತಾನೇ ಬೆಂಕಿ ಹಾಕಿಕೊಳ್ಳುತ್ತಿದೆ ಅಂತ. ಆಮೇಲೆ ಬೆರಳು ಮಾತು ಕೇಳೋದಿಲ್ಲ: ಚೈನ್ ಎಳೆಯೋಕೆ ಆಗಲ್ಲ, ಬಾಟಲಿ ಮುಚ್ಚಳ ತಿರುಗಿಸೋಕೆ ಆಗಲ್ಲ. ಮಾತು ತೊದಲುತ್ತೆ, ಕಾಲು ಎಡವುತ್ತೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತೆ. 32ರ ಆಸುಪಾಸಿಗೆ ಬಂದರೆ ನಡುಕ ನಿಂತುಹೋಗುತ್ತೆ. ಪಕ್ಕದಲ್ಲಿರುವವರಿಗೆ "ಪರವಾಗಿಲ್ಲ, ಈಗ ಸುಧಾರಿಸಿಕೊಂಡರು" ಅನ್ನಿಸೋದು ಆಗಲೇ. ಕೆಲವರಿಗೆ ಕೊನೆಯಲ್ಲಿ ಮೈ ಸುಡುತ್ತಿದೆ ಅನ್ನಿಸಿ, ಹಾಕಿದ ಬಟ್ಟೆಯನ್ನೇ ಕಿತ್ತೆಸೆಯುತ್ತಾರಂತೆ.

ಇದಕ್ಕೆ ಮೈನಸ್ ನಲವತ್ತು ಬೇಕಾಗಿಲ್ಲ. ಸೊನ್ನೆ ಡಿಗ್ರಿ ಚಳಿಗೆ ಗಂಟೆಗೆ 50 ಕಿಲೋಮೀಟರಿನ ಗಾಳಿ ಸೇರಿದರೆ ಚರ್ಮಕ್ಕೆ ಅದು ಮೈನಸ್ ಎಂಟು. ಬಟ್ಟೆ ಒದ್ದೆ ಇದ್ದರೆ ಕೇಳೋದೇ ಬೇಡ, ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿಯನ್ನು ಹೀರುತ್ತೆ. ಒದ್ದೆ ಆಗೋಕೆ ಮಳೆಯೂ ಬೇಕಿಲ್ಲ, ಹತ್ತುವಾಗ ಬಂದ ಬೆವರೇ ಸಾಕು. ನಡೆಯುತ್ತಿರುವ ತನಕ ಗೊತ್ತಾಗೋದಿಲ್ಲ. ದಾರಿ ಕಾಣದೆ ನಿಂತ ಕೂಡಲೇ ಆ ಬೆವರು ಐಸಾಗುತ್ತೆ. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಶೇಕಡಾ 60ರಷ್ಟು ಮಾತ್ರ. ಒಲೆಗೆ ಸೌದೆಯೂ ಕಮ್ಮಿ, ಗಾಳಿಯೂ ಕಮ್ಮಿ.

ಇದರಲ್ಲಿ ನನ್ನನ್ನು ಹೆದರಿಸಿದ್ದು ಬೇರೆ. ಚಳಿ ಮೊದಲು ಕೆಡಿಸೋದು ಬುದ್ಧಿಯನ್ನು. ಅಪಾಯದಲ್ಲಿ ಇರುವವನೇ "ನಂಗೇನೂ ಆಗಿಲ್ಲ" ಅಂತಾನೆ, ನಿಜವಾಗಿ ನಂಬಿಯೇ ಅಂತಾನೆ. ನಮ್ಮ ಕೆಲಸದಲ್ಲಿ ಇದನ್ನು ದಿನಾ ನೋಡ್ತೀವಿ. ಕೆಟ್ಟು ಕೂತಿರುವ ಸರ್ವರನ್ನು "ಹೇಗಿದೀಯಪ್ಪ" ಅಂತ ಕೇಳಿದರೆ "ಓಕೆ" ಅಂತಲೇ ಉತ್ತರ ಕೊಡುತ್ತೆ. ಅದಕ್ಕೇ ನಾವು ಅದನ್ನು ನಂಬೋದಿಲ್ಲ, ಹೊರಗಿನಿಂದ ಇನ್ನೊಂದು ಯಂತ್ರ ಕೂರಿಸಿ ನೋಡುತ್ತೀವಿ.

ಓದುತ್ತಾ ಓದುತ್ತಾ ಆ ಚೈನ್ ಎಳೆಯೋ ವಾಕ್ಯದ ಹತ್ತಿರ ನಾನು ನಿಂತುಬಿಟ್ಟೆ. ಯಾಕೆ ಅಂತ ಹೇಳಬೇಕು.

2019ರ ಡಿಸೆಂಬರಿನಲ್ಲಿ ನಾವು ಐದು ಜನ ಆಫೀಸಿನ ಗೆಳೆಯರು ಕೇದಾರಕಂಠಕ್ಕೆ ಹೋಗಿದ್ದೆವು. ಅದೂ ಉತ್ತರಕಾಶಿ ಜಿಲ್ಲೆಯೇ, ಸಾಂಕ್ರಿ ಊರಿಂದ ಹತ್ತೋದು, ಎತ್ತರ 12,500 ಅಡಿ. ನನ್ನ ತಯಾರಿ ಅಂದರೆ ಸ್ಕಂದಗಿರಿ ಒಂದು ಸಲ, ಕುಮಾರ ಪರ್ವತ ಅರ್ಧ. (ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಮಾಡಿದ ಮೇಲೆ ಮುಂದೆ ಹೋಗುವ ಮನಸ್ಸೇ ಬರಲಿಲ್ಲ, ಯಾರಿಗಾದರೂ ಬರುತ್ತಾ?) ಶಿಖರದ ದಿನ ಬೆಳಗಿನ ಜಾವ ಮೂರೂವರೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಟೆವು. ಒಳಗೆ ನಾನು ಹಾಕಿದ್ದು ಕಾಟನ್ ಬನಿಯನ್. ಬೇಡ ಅಂತ ಲಿಸ್ಟಲ್ಲಿ ಬರೆದಿದ್ದರು, ನಾನು ಲಿಸ್ಟ್ ಪೂರ್ತಿ ಓದಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಗಾಳಿ ಶುರುವಾಯ್ತು, ಹಿಮದ ಪುಡಿ ಮುಖಕ್ಕೆ ಹೊಡೆಯುತ್ತಿತ್ತು. ತುದಿ ಕಾಣುತ್ತಿತ್ತು. ಇನ್ನು ಅರ್ಧ ಗಂಟೆ ಅಷ್ಟೇ ಅಂತ ನನ್ನ ಲೆಕ್ಕ.

ಗೈಡ್ ಅಲ್ಲೇ ಹತ್ತಿರದ ಹಳ್ಳಿಯ ಹುಡುಗ, ನನಗಿಂತ ಚಿಕ್ಕವನು. ನನ್ನ ಹತ್ತಿರ ಬಂದು, ಜಾಕೆಟ್ಟಿನ ಚೈನ್ ಹಾಕಿಕೊಳ್ಳಿ ಸರ್ ಅಂದ. ಗ್ಲೌಸ್ ತೆಗೆದು ಎಳೆಯೋಕೆ ಹೋದೆ. ಬೆರಳಿಗೆ ಚೈನಿನ ತುದಿ ಸಿಗಲೇ ಇಲ್ಲ. ಎರಡು ಸಲ, ಮೂರು ಸಲ. ಅವನು ಸುಮ್ಮನೆ ನೋಡುತ್ತಿದ್ದ. ನಾನು ರೇಗಿ ಕನ್ನಡದಲ್ಲೇ ಏನೋ ಅಂದೆ. ಅವನು ಬಗ್ಗಿ, ಚಿಕ್ಕ ಮಕ್ಕಳಿಗೆ ಹಾಕುವ ಹಾಗೆ ನನ್ನ ಜಾಕೆಟ್ ಮುಚ್ಚಿ, ಉಳಿದವರ ಕಡೆ ತಿರುಗಿ, ಎಲ್ಲರೂ ಕೆಳಗೆ ಅಂದ. ಚರ್ಚೆಯೇ ಇಲ್ಲ.

ನಾವು ಕೂಗಾಡಿದೆವು. ದುಡ್ಡು ಕೊಟ್ಟಿದ್ದೀವಿ, ರಜೆ ಹಾಕಿದ್ದೀವಿ, ಇಷ್ಟು ದೂರ ಬಂದಿದ್ದೀವಿ, ಎಲ್ಲ ಹೇಳಿದೆವು. ಅವನು ಕೇಳಿಸಿಕೊಂಡ, ಇಳಿಯುತ್ತಲೇ ಇದ್ದ. ಡೆಹ್ರಾಡೂನಿಗೆ ಹೋಗುವ ಗಾಡಿಯಲ್ಲಿ ನೆಟ್‌ವರ್ಕ್ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಆ ಕಂಪನಿಯ ಆ್ಯಪಿನಲ್ಲಿ ರಿವ್ಯೂ ಹಾಕಿದ್ದು. ಐದಕ್ಕೆ ಎರಡು ಸ್ಟಾರ್. ಶಿಖರ ಮಾಡಿಸಲಿಲ್ಲ, ಗೈಡಿಗೆ ಧೈರ್ಯ ಸಾಲದು, ಅನುಭವ ಇಲ್ಲ, ಅಂತ ಇಂಗ್ಲಿಷಲ್ಲಿ ನೀಟಾಗಿ ಬರೆದಿದ್ದೆ. ಬೆರಳು ಆಗ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಐದು ವರ್ಷ ಆ ಟ್ರಿಪ್ಪಿನ ಕಥೆಯನ್ನು ನಾನು ಇದೇ ರೀತಿ ಹೇಳುತ್ತಾ ಬಂದೆ: ಇನ್ನೇನು ಮುಟ್ಟಿಬಿಡುತ್ತಿದ್ದೆವು, ಒಬ್ಬ ಪುಕ್ಕಲ ಗೈಡ್ ಕೆಡಿಸಿದ. ಪಾರ್ಟಿಗಳಲ್ಲಿ ಚೆನ್ನಾಗಿ ಓಡುವ ಕಥೆ.

ಬೆಟ್ಟ ಹತ್ತುವವರಲ್ಲಿ ಒಂದು ಹಳೆಯ ಪದ್ಧತಿ ಇದೆ, ತಿರುಗುವ ಗಂಟೆ. ತುದಿ ಮುಟ್ಟಿರಲಿ, ಬಿಟ್ಟಿರಲಿ, ಇಷ್ಟು ಗಂಟೆಗೆ ಎಲ್ಲಿದ್ದೀವೋ ಅಲ್ಲಿಂದ ವಾಪಸ್. ಅದನ್ನು ಬೆಳಗ್ಗೆ, ತಲೆ ತಿಳಿಯಾಗಿರುವಾಗ, ಕೆಳಗೆ ಡೇರೆಯಲ್ಲೇ ತೀರ್ಮಾನ ಮಾಡಬೇಕು. ಮೇಲೆ ಹೋದ ಮೇಲೆ ತೀರ್ಮಾನ ಮಾಡುವ ತಲೆ ನಮ್ಮದಾಗಿರೋದಿಲ್ಲ. ಹಿಮಾಲಯದಲ್ಲಿ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತೆ, ಅದಕ್ಕೂ ಈ ಲೆಕ್ಕ. 1996ರ ಮೇ 10ರಂದು ಎವರೆಸ್ಟಿನಲ್ಲಿ ಮಧ್ಯಾಹ್ನ ಎರಡು ದಾಟಿದ ಮೇಲೂ ಹಲವರು ಮೇಲೇರುತ್ತಲೇ ಇದ್ದರು. ಸಂಜೆ ಬಿರುಗಾಳಿ ಬಂತು. ಎಂಟು ಜನ ಹೋದರು, ಅವರಲ್ಲಿ ಜಗತ್ತಿಗೇ ಹೆಸರಾದ ಗೈಡ್‌ಗಳಿದ್ದರು. ದುಡ್ಡು ಕೊಟ್ಟು ಬಂದವರನ್ನು ತುದಿಯ ಹತ್ತಿರದಿಂದ ವಾಪಸ್ ಕರೆದುಕೊಂಡು ಹೋಗೋದು ಅವರಂಥವರಿಗೂ ಸುಲಭ ಇರಲಿಲ್ಲ.

ಸಹಸ್ತ್ರ ತಾಲಿನಲ್ಲಿ ಹೀಗೇ ಆಯ್ತು ಅಂತ ನಾನು ಹೇಳುತ್ತಿಲ್ಲ. ಅವರು ಆಗಲೇ ಇಳಿಯುತ್ತಿದ್ದವರು. ಸೋಫಾ ಮೇಲೆ ಕೂತು ಒಂಬತ್ತು ಜನರ ಸಾವಿಗೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ, ಜಾಕೆಟ್ಟಿನ ಚೈನ್ ಹಾಕಿಕೊಳ್ಳಲಾಗದವನಿಗೆ ಮೊದಲೇ ಇಲ್ಲ. ನಾನು ಹೇಳುತ್ತಿರೋದು ನಮ್ಮ ಬಗ್ಗೆ, ಟಿಕೆಟ್ ಬುಕ್ ಮಾಡಿ ಹೋಗುವವರ ಬಗ್ಗೆ. ಆಫೀಸಲ್ಲಿ ಒಂದು ಸಣ್ಣ ರಿಲೀಸ್ ಮಾಡುವಾಗಲೂ ಇಷ್ಟು ಹೊತ್ತಿಗೆ ಸರಿ ಹೋಗದಿದ್ದರೆ ರೋಲ್‌ಬ್ಯಾಕ್ ಅಂತ ಮೊದಲೇ ಬರೆದಿಟ್ಟುಕೊಳ್ಳುತ್ತೀವಿ. ಶುಕ್ರವಾರ ಸಂಜೆಯಂತೂ ಯಾರೂ ಕೈ ಹಾಕೋದಿಲ್ಲ. ಅದೇ ನಾವು ಬೆಟ್ಟಕ್ಕೆ ಹೋದಾಗ ವಾಪಸ್ ಕರೆತಂದವನಿಗೆ ಎರಡು ಸ್ಟಾರ್ ಕೊಡುತ್ತೀವಿ. ಆ ಎರಡು ಸ್ಟಾರ್ ಆ ಹುಡುಗನ ಮುಂದಿನ ಸೀಸನ್ನಿನ ಕೂಲಿ. ಮುಂದಿನ ಸಲ ಇನ್ನೊಬ್ಬ ಎಂಜಿನಿಯರ್ ಚೈನ್ ಎಳೆಯೋಕೆ ಒದ್ದಾಡುವಾಗ ಅವನ ತಲೆಯಲ್ಲಿ ಯಾವ ಲೆಕ್ಕ ಓಡುತ್ತೆ?

ಆ ರಾತ್ರಿಯೇ ಎರಡು ಗಂಟೆಗೆ ಎದ್ದು ಕೂತು ರಿವ್ಯೂ ಹುಡುಕಿದೆ. ಇತ್ತು. ಕಂಪನಿ ಈ ಮಧ್ಯೆ ಆ್ಯಪ್ ಬದಲಿಸಿದೆ. ಹಳೆ ರಿವ್ಯೂಗಳನ್ನು ಹೊಸದಕ್ಕೆ ತಂದಿದ್ದಾರೆ, ಹಳೆ ಲಾಗಿನ್‌ಗಳನ್ನು ತಂದಿಲ್ಲ. ಅಂದರೆ ನಾನು ಬರೆದದ್ದು ಎಲ್ಲರಿಗೂ ಕಾಣುತ್ತೆ, ಅಳಿಸೋಕೆ ನನಗೇ ಆಗಲ್ಲ. ಹನ್ನೊಂದು ಜನಕ್ಕೆ ಅದು ಉಪಯುಕ್ತ ಅನ್ನಿಸಿದೆ ಅಂತ ಕೆಳಗೆ ತೋರಿಸುತ್ತಿತ್ತು. ಮೇಲ್ ಹಾಕಿದೆ, ಒಂದು ಟಿಕೆಟ್ ನಂಬರ್ ಬಂತು. ಅದು ಇನ್ನೂ ಓಪನ್ ಇದೆ. ಆ ಹುಡುಗನನ್ನೇ ಹುಡುಕಿ ಫೋನ್ ಮಾಡೋಣ ಅಂದುಕೊಂಡೆ. ಆದರೆ ಅವನ ಹೆಸರೇ ನೆನಪಿಲ್ಲ. ಆರು ದಿನ ಅವನು ಮಾಡಿಸಿಕೊಟ್ಟ ಚಹಾ ಕುಡಿದಿದ್ದೆ. ಗೆಳೆಯರನ್ನು ಕೇಳಿದೆ, ಅವರಿಗೂ ಇಲ್ಲ. ರಿವ್ಯೂನಲ್ಲಿ ಬರೀ ಗೈಡ್ ಅಂತ ಬರೆದಿದ್ದೆ.

ಜುಲೈ ಎರಡನೇ ವಾರ ಮೆಟ್ಟಿಲಲ್ಲಿ ಮತ್ತೆ ಸದ್ದು ಕೇಳಿತು. ಮೊದಲ ದಿನ ಎರಡೇ ಸುತ್ತು. ನಾನು ಬಾಗಿಲು ತೆಗೆದು ನೋಡಿದೆ, ಆಂಟಿ ನಾಲ್ಕನೇ ಮಹಡಿಯ ಕಿಟಕಿ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ನಾನು ಮಾತಾಡಿಸಲಿಲ್ಲ.

ಮೊನ್ನೆ ಅವರ ಮನೆಗೆ ವೈಫೈ ಸರಿ ಮಾಡಿಕೊಡಲು ಹೋಗಿದ್ದೆ. (ಸಾಫ್ಟ್‌ವೇರ್ ಎಂಜಿನಿಯರ್ ಅಂದರೆ ಅಪಾರ್ಟ್‌ಮೆಂಟಿನ ಪ್ರಿಂಟರು, ವೈಫೈ ಎಲ್ಲ ನಮ್ಮದೇ.) ಅವರು ಡೈನಿಂಗ್ ಟೇಬಲ್ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಫೋನ್ ಸ್ಪೀಕರಿಗೆ ಹಾಕಿ, ಒಂದೊಂದೇ ಟ್ರೆಕ್ಕಿಂಗ್ ಕಂಪನಿಗೆ ಕರೆ ಮಾಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಹೋಗಬೇಕಂತೆ. ರೇಟು, ಊಟ, ಮೆಡಿಕಲ್ ಸರ್ಟಿಫಿಕೇಟು ಎಲ್ಲ ಕೇಳಿ ಆದ ಮೇಲೆ ಕೊನೆಗೆ ಒಂದು ಪ್ರಶ್ನೆ.

"ಮೇಲೆ ಹೋಗೋ ದಿನ ಎಷ್ಟು ಗಂಟೆಗೆ ತಿರುಗ್ತೀರಿ?"

"ಮೇಡಂ, ನಮ್ದು ಸಮಿಟ್ ಸಕ್ಸಸ್ ರೇಟ್ ತುಂಬಾ ಚೆನ್ನಾಗಿದೆ."

"ಅದು ಕೇಳಲಿಲ್ಲಪ್ಪ ನಾನು. ಮುಟ್ಟದೇ ಇದ್ರೆ ಎಷ್ಟು ಗಂಟೆಗೆ ತಿರುಗ್ತೀರಿ?"

"ಇಲ್ಲ ಮೇಡಂ, ಮುಟ್ಟಿಸ್ತೀವಿ. ವರಿ ಮಾಡ್ಬೇಡಿ."

ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಅದರ ಮೇಲೆ ಆಗಲೇ ಮೂರು ಗೆರೆ ಇದ್ದವು. ಐದನೇ ಕರೆಗೆ ಒಬ್ಬ ಹುಡುಗ ಸಿಕ್ಕಿದ, ಹಿಂದಿ ಮಿಶ್ರಿತ ಇಂಗ್ಲಿಷು, ಹಿಂದೆ ಗಾಳಿಯ ಸದ್ದು. ಪ್ರಶ್ನೆ ಕೇಳಿ ಒಂದು ಕ್ಷಣ ಸುಮ್ಮನಾದ. ಆಮೇಲೆ, "ಹನ್ನೊಂದೂವರೆ ಮೇಡಂ. ಎಲ್ಲಿದ್ರೂ. ದುಡ್ಡು ವಾಪಸ್ ಕೊಡಲ್ಲ ಆದ್ರೆ" ಅಂದ.

ಆಂಟಿ ಅವನ ಹೆಸರು ಕೇಳಿ, ಸ್ಪೆಲಿಂಗ್ ಕೇಳಿ ಬರೆದುಕೊಂಡರು. ನನ್ನ ಕಡೆ ತಿರುಗಿ, "ವೈಫೈ ಬಂತೇನೋ? ಇವ್ನಿಗೆ ಅಡ್ವಾನ್ಸ್ ಕಳಿಸ್ಬೇಕು" ಅಂದರು.